ಮೂರನೇ ಮಹಡಿಯ ಹಸಿರು ಕುರ್ಚಿ

ಆ ಬುಧವಾರ ಆರ್ವಿಲ್ ಟಾಸ್ಕರ್ ಮಾಡಿದ ತಪ್ಪು ಇಷ್ಟೇ: ಕೂರುವುದಕ್ಕೆಂದು ಒಂದು ಕುರ್ಚಿ ತಂದ.

ಕುರ್ಚಿಯಲ್ಲಿ ಯಾವ ದೋಷವೂ ಇರಲಿಲ್ಲ. ಒಂಬತ್ತನೇ ಅವೆನ್ಯೂವಿನಲ್ಲಿ ಯಾರೋ ಮನೆ ಬದಲಾಯಿಸುವಾಗ ಫುಟ್‌ಪಾತಿನ ಮೇಲೆ ಬಿಟ್ಟುಹೋಗಿದ್ದ, ಅಗಲ ತೋಳಿನ, ಕಡು ಹಸಿರು ಬಣ್ಣದ ಹಳೇ ಮೆತ್ತೆ ಕುರ್ಚಿ. ನಾಟಕದ ನಟ ಆರ್ವಿಲನಿಗೆ ವಯಸ್ಸು ಅರವತ್ತರ ಹತ್ತಿರ. ಬೆನ್ನಿಗೆ ಇನ್ನೂ ಹೆಚ್ಚು. ಮಧ್ಯಾಹ್ನ ಒಂದು ಆಟ, ಸಂಜೆ ಒಂದು ಆಟ ಇರುವ ದಿನಗಳಲ್ಲಿ ನಡುವೆ ಒಂದಿಷ್ಟು ಬೆನ್ನು ಊರಲು ಜಾಗ ಸಿಕ್ಕಿದರೆ ಸಾಕು ಎಂದು ಅವನಿಗೆ ಆಸೆ. ಥಿಯೇಟರಿನ ಹಿಂಬದಿಯ ದೊಡ್ಡ ಬಾಗಿಲನ್ನು ದೀಪದ ಸಾಮಾನು ಇಳಿಸಲು ತೆರೆದಿದ್ದರು. ಆಳುಗಳೆಲ್ಲ ಕಾಫಿಗೆ ಹೋಗಿದ್ದರು. ಆರ್ವಿಲ್ ಕುರ್ಚಿಯನ್ನು ಹೊತ್ತು, ರಂಗವನ್ನು ಕಳ್ಳಬೆಕ್ಕಿನಂತೆ ದಾಟಿ, ಮೂರನೇ ಮಹಡಿಯ ತನ್ನ ಬಣ್ಣದ ಕೋಣೆಗೆ ಸಾಗಿಸಿಬಿಟ್ಟ.

ಆಗ ಅಲ್ಲಿ ನಡೆಯುತ್ತಿದ್ದದ್ದು ‘ಬಂದರು ಬೀದಿಯ ಬೆಡಗಿ’. ಅಜ್ಜಂದಿರ ಕಾಲದಲ್ಲಿ ಬ್ರಾಡ್‌ವೇಯಲ್ಲಿ ಮೆರೆದ ಸಂಗೀತ ನಾಟಕ. ಈಗ ಹೊಸದಾಗಿ ರಂಗಕ್ಕೆ ಬಂದಿತ್ತು. ಅದರಲ್ಲಿ ಆರ್ವಿಲ್ ಹೋಟೆಲ್ ಮಾಲೀಕ. ಅವನ ಪಾಲಿಗೆ ನಾಲ್ಕು ಸಾಲಿನ ಹಾಡು. ನಾಲ್ಕೇ ಸಾಲು ನಿಜ, ಆದರೆ ಅವನೊಬ್ಬನೇ ಹಾಡುವಂಥದ್ದು. ಅವನ ಮೂವತ್ತು ವರ್ಷದ ರಂಗಜೀವನದಲ್ಲಿ ಅಂಥ ಭಾಗ್ಯ ಬಂದದ್ದು ಇದೇ ಮೊದಲು. ಅದುವರೆಗೆ ಅವನು ಕಾಲಿಟ್ಟ ಆಟಗಳೆಲ್ಲ ಕಣ್ಣು ಬಿಡುವ ಮೊದಲೇ ಕಣ್ಣು ಮುಚ್ಚಿದ್ದವು. ಒಂದಂತೂ ಮೊದಲ ಪ್ರದರ್ಶನದ ದಿನ ಅವನು ಬಣ್ಣ ಒರೆಸಿಕೊಳ್ಳುತ್ತಿರುವಾಗಲೇ ತೀರಿಹೋಗಿತ್ತು.

ಹೆಂಡತಿ ಡೊರೀನ್ ಈ ಸಲ ಖಡಾಖಂಡಿತವಾಗಿ ಹೇಳಿದ್ದಳು: “ಇದೂ ಮುಚ್ಚಿದ್ರೆ ಮುಗೀತು. ಒಹಾಯೋಗೆ ಹೋಗೋಣ. ನಮ್ಮಣ್ಣನ ಟೈರ್ ಅಂಗಡೀಲಿ ಕೌಂಟರ್ ಹತ್ರ ನಿಂತ್ಕೋ. ಜನ ಹಾಡು ಬಿಟ್ಟಾರು, ಟೈರ್ ಬಿಡಲ್ಲ.” ಆರ್ವಿಲ್ ತಲೆಯಾಡಿಸಿದ್ದ. ಹಾಗಾಗಿ ಆಟ ಇನ್ನೆಷ್ಟು ದಿನ ನಡೆದೀತು ಎಂಬ ಪ್ರಶ್ನೆ ಅವನ ಎದೆಯಲ್ಲಿ ಕೂತುಬಿಟ್ಟಿತ್ತು.

ಆ ಪ್ರಶ್ನೆಗೆ ಕಟ್ಟಡದಲ್ಲಿ ಉತ್ತರಕ್ಕೇನೂ ಬರವಿರಲಿಲ್ಲ. ಬಾಗಿಲು ಕಾಯುವ ಎಮ್ಮೆಟ್, ಆಟ ಮುಗಿದ ಮೇಲೆ ಸಹಿಗಾಗಿ ನಿಲ್ಲುವ ಜನರ ಕೊಡೆಗಳನ್ನು ನೋಡಿ ಭವಿಷ್ಯ ನುಡಿಯುತ್ತಿದ್ದ: “ಮಳೇಲೂ ನಿಂತವ್ರೆ. ಕ್ರಿಸ್‌ಮಸ್ ದಾಟ್ತದೆ.” ಉಡುಪು ನೋಡಿಕೊಳ್ಳುವ ರೊಸಾಲ್ಬಾಳ ಶಾಸ್ತ್ರವೆಲ್ಲ ಬೂಟಿನದು. “ಹೊಸ ಬೂಟು ಕೊಡಿ ಅಂದೆ, ಆಫೀಸಿನವ್ರು ಗೋಂದು ಹಚ್ಚು ಅಂದ್ರು. ಎಲೆ ಉದುರೋದ್ರೊಳಗೆ ಮುಚ್ತಾರೆ, ಬರೆದಿಟ್ಕೋ.” ತುತ್ತೂರಿ ಊದುವ ಪಿಂಕಸ್ ಇದ್ಯಾವುದನ್ನೂ ನಂಬುತ್ತಿರಲಿಲ್ಲ. “ನಿರ್ಮಾಪಕ ಡೋನಟ್ ತಂದ ದಿನವೇ ಆಟ ಸತ್ತ ದಿನ. ಅದು ತಿಥಿ ಊಟ ಇದ್ದ ಹಾಗೆ,” ಎನ್ನುತ್ತಿದ್ದ.

ಒಂದು ವಿಷಯದಲ್ಲಿ ಮಾತ್ರ ಮೂವರದೂ ಒಂದೇ ಮಾತು. ಬಣ್ಣದ ಕೋಣೆಯಲ್ಲಿ ಯಾರಾದರೂ ಸಂಸಾರ ಹೂಡಿದರೆ, ಅಂದರೆ ಪರದೆ ಕಟ್ಟಿದರೆ, ಕಂಬಳಿ ಹಾಸಿದರೆ, ಗೋಡೆಗೆ ಬಣ್ಣ ಬಳಿದರೆ, ಆಟ ಮುಚ್ಚುತ್ತದೆ. ನಾಟಕದ ನಾಯಕಿ ಜೆರಾಲ್ಡಿನ್ ವಾಸ್ ಅಂಥವಳ ಕೋಣೆಯಲ್ಲಿ ಕೂಡ ಒಂದು ಮೊಳೆ, ಒಂದು ಚೀಲ, ಅಷ್ಟೇ. ಇಡೀ ಕಟ್ಟಡದವರು ಬಸ್ಸಿಗೆ ಕಾಯುವವರ ಹಾಗೆ ಬದುಕುತ್ತಿದ್ದರು. ಆರ್ವಿಲನಿಗೂ ಇದು ಗೊತ್ತಿತ್ತು. ಆದರೆ ಕುರ್ಚಿ ಎಂದರೆ ಸಂಸಾರವಲ್ಲ, ಬರೀ ಕುರ್ಚಿ ಎಂದು ಬೆನ್ನುನೋವು ಅವನ ಕಿವಿಯಲ್ಲಿ ಊದಿತ್ತು.

ಒಗೆದ ಅಂಗಿ ಕೊಡಲು ಬಂದ ರೊಸಾಲ್ಬಾ ಬಾಗಿಲಲ್ಲೇ ನಿಂತುಬಿಟ್ಟಳು.

“ಅಯ್ಯೋ ದೇವ್ರೇ! ಏನಿದು?”

“ಕುರ್ಚಿ,” ಎಂದ ಆರ್ವಿಲ್, ಅದರಲ್ಲೇ ಒರಗಿಕೊಂಡು.

“ಅದು ಕುರುಡರಿಗೂ ಕಾಣ್ತದೆ. ಮನೆ ಮಾಡ್ಕೊಂಡ್ಯಾ ಇಲ್ಲಿ? ನಮ್ಮೆಲ್ಲರ ಅನ್ನಕ್ಕೆ ಕಲ್ಲು ಹಾಕಿ ನೀನು ಕಾಲು ಚಾಚ್ಕೊಂಡು ಕೂತಿದೀಯಾ?”

ಅವಳ ದನಿ ಕೇಳಿ ಕೆಳಗಿನಿಂದ ಎಮ್ಮೆಟ್ ಏದುಸಿರು ಬಿಡುತ್ತ ಬಂದ. ಕುರ್ಚಿ ನೋಡಿ ಟೋಪಿ ತೆಗೆದ, ಸಾವಿನ ಮನೆಗೆ ಬಂದವನಂತೆ. “ನಿನ್ನ ನೋಡಿದ ದಿನಾನೇ ಅಂದ್ಕೊಂಡೆ ಕಣಯ್ಯಾ. ಇವನು ಹೋದ ಕಡೆಯೆಲ್ಲ ಬೀಗ. ಈ ಸಲ ಬೀಗದ ಕೈಯನ್ನೂ ಹೊತ್ಕೊಂಡು ಬಂದವ್ನೆ.”

“ಬೆನ್ನು ನೋವು ಎಮ್ಮೆಟ್...”

“ಇವತ್ತು ಮಧ್ಯಾಹ್ನದ ಆಟಕ್ಕೆ ಯಾರು ಬರ್ತಾವ್ರೆ ಗೊತ್ತಾ? ನಿರ್ಮಾಪಕರು, ಕ್ವಿಲ್ ಸಾಹೇಬ್ರು! ನಿರ್ದೇಶಕಿ ಜೊತೆಗೆ! ಆಟ ಇರಬೇಕೋ ಹೋಗಬೇಕೋ ಅಂತ ಇವತ್ತೇ ತೀರ್ಮಾನ.”

ಅಷ್ಟರಲ್ಲಿ ಪಿಂಕಸ್ ಬಿಳಿಚಿದ ಮುಖದಲ್ಲಿ ಮೆಟ್ಟಿಲು ಹತ್ತಿ ಬಂದ. “ಕ್ವಿಲ್ ಕಾರಿಂದ ಇಳಿದ. ಕೈಯಲ್ಲಿ ಡಬ್ಬ ಇದೆ. ಡೋನಟ್.”

ಆರ್ವಿಲನ ಕಣ್ಣ ಮುಂದೆ ಒಹಾಯೋದ ಟೈರುಗಳು ಸಾಲಾಗಿ ಉರುಳಿಹೋದವು. ಅವನು ದಡಬಡಿಸಿ ಎದ್ದು ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡ.

ಹತ್ತಿಸುವಾಗ ಹೂವಿನಂತಿದ್ದ ಕುರ್ಚಿ ಇಳಿಸುವಾಗ ಹೋರಿಯಾಯಿತು. ಮೆಟ್ಟಿಲಿನ ತಿರುವಿನಲ್ಲಿ ಅದರ ತೋಳು ಕಂಬಿಗೆ ಸಿಕ್ಕಿಕೊಂಡಿತು. ಕೆಳಗಿನಿಂದ ಎಮ್ಮೆಟ್ “ಎಡಕ್ಕೆ!” ಎಂದರೆ ಮೇಲಿನಿಂದ ರೊಸಾಲ್ಬಾ “ಬಲಕ್ಕೆ!” ಎನ್ನುವಳು. ಪಿಂಕಸ್ ಸಹಾಯ ಮಾಡುವುದು ಬಿಟ್ಟು, ಆಟ ಭಾನುವಾರ ಮುಚ್ಚುತ್ತದೋ ಮುಂದಿನ ಭಾನುವಾರವೋ ಎಂದು ತರ್ಕಿಸುತ್ತಿದ್ದ. ಹೇಗೋ ಕುರ್ಚಿ ಬಿಡಿಸಿಕೊಂಡಿತು. ಜೊತೆಗೆ ಆರ್ವಿಲನ ಅಂಗಿಯ ಒಂದು ತೋಳೂ ಬಿಡಿಸಿಕೊಂಡಿತು.

ಬೀದಿಗೆ ಹೋಗುವ ನಟರ ಬಾಗಿಲಲ್ಲಿ ಕುರ್ಚಿ ಹಿಡಿಸಲಿಲ್ಲ. ಉಳಿದದ್ದು ರಂಗದಾಚೆಯ ದೊಡ್ಡ ಬಾಗಿಲು. ಆರ್ವಿಲ್ ಕುರ್ಚಿಯನ್ನು ತಬ್ಬಿಕೊಂಡು ರಂಗದ ಪಕ್ಕದ ವಿಂಗಿಗೆ ಕಾಲಿಟ್ಟನೋ ಇಲ್ಲವೋ, ಎದುರಿಗೆ ಬ್ರೂಡರ್ ನಿಂತಿದ್ದ. ರಂಗದ ಸಾಮಾನಿಗೆಲ್ಲ ಅವನೇ ಯಜಮಾನ. ಅವನ ಅಪ್ಪನೂ ಅದೇ ಕೆಲಸದಲ್ಲಿದ್ದವನು. ಅವನ ಅಪ್ಪಣೆಯಿಲ್ಲದೆ ಅಲ್ಲಿ ಒಂದು ಚಮಚವೂ ಅಲುಗುತ್ತಿರಲಿಲ್ಲ.

“ಇಳಿಸಿ.”

“ಬ್ರೂಡರ್, ಒಂದೇ ನಿಮಿಷ, ಆ ಬಾಗಿಲವರೆಗೆ...”

“ನೀವು ನಟರು. ರಂಗದ ಮೇಲೆ ಕುರ್ಚಿ ಎತ್ತೋದು ನಮ್ಮ ಯೂನಿಯನ್ ಕೆಲಸ. ನಾನು ನಿಮ್ಮ ಹಾಡು ಹಾಡಿದ್ರೆ ಸುಮ್ನಿರ್ತೀರಾ?”

“ಹಾಗಾದ್ರೆ ನೀನೇ ಎತ್ತಪ್ಪಾ, ಪುಣ್ಯ ಬರ್ತದೆ.”

“ಈಗಾಗಲ್ಲ. ಪರದೆ ಏಳೋ ಹೊತ್ತಾಯ್ತು. ಆಟ ಮುಗಿದ ಮೇಲೆ ನೋಡೋಣ.” ಬ್ರೂಡರ್ ಕುರ್ಚಿಯನ್ನು ಎರಡೇ ಬೆರಳಲ್ಲಿ ಎಂಬಂತೆ ಎತ್ತಿ ಎಡ ವಿಂಗಿನ ಮರೆಯಲ್ಲಿ, ಒಂದು ಪೀಪಾಯಿಯ ಮುಂದೆ ಇಟ್ಟು ಹೋದ.

ಪರದೆ ಎದ್ದಿತು. ಹೊರಗೆ ಏನೇ ಕೋಲಾಹಲವಿರಲಿ, ಪರದೆ ಎದ್ದ ಮೇಲೆ ಈ ಜನರ ಗತ್ತೇ ಬೇರೆ. ಈಗಷ್ಟೇ ಅಳುತ್ತಿದ್ದವರು ನಗುತ್ತ ಕುಣಿದರು; ಡೋನಟ್ ನೆನೆದು ನಡುಗುತ್ತಿದ್ದ ಪಿಂಕಸನ ತುತ್ತೂರಿಯಲ್ಲಿ ಒಂದು ಸ್ವರವೂ ನಡುಗಲಿಲ್ಲ. ಮುಚ್ಚಿಹೋಗುವ ಆಟವೆಂದು ತಿಳಿದೂ ಮೊದಲ ದಿನದಂತೆ ಹಾಡುವವರನ್ನು ಕಂಡರೆ ಎಂಥವನಿಗೂ ಕೈ ಮುಗಿಯಬೇಕೆನ್ನಿಸುತ್ತದೆ.

ಎರಡನೇ ಅಂಕದಲ್ಲಿ ಹೋಟೆಲಿನ ದೃಶ್ಯ. ಕತ್ತಲಲ್ಲಿ ಪೀಪಾಯಿಯನ್ನು ರಂಗದ ನಡುವೆ ತಂದಿಡಬೇಕು. ಬೆಳಕು ಬಂದಾಗ ಜೆರಾಲ್ಡಿನ್ ಬಾಗಿಲಿಂದ ಮೆಲ್ಲಗೆ ನಡೆದು ಬರುತ್ತಾಳೆ. ಆ ಹೊತ್ತು ತುಂಬಲು ಆರ್ವಿಲ್ ತನ್ನ ನಾಲ್ಕು ಸಾಲು ಹಾಡುತ್ತಾನೆ. ಆಮೇಲೆ ಆಕೆ ಪೀಪಾಯಿಗೆ ಒರಗಿ, ಮರಳಿ ಬಾರದ ಹಡಗಿನ ಹಾಡು ಎತ್ತಿಕೊಳ್ಳುತ್ತಾಳೆ. ಅಂದು ಬ್ರೂಡರನ ಕಡೆಯವನೊಬ್ಬ ಮಗಳ ಮದುವೆಗೆ ಹೋಗಿದ್ದ. ಬದಲಿಗೆ ಬಂದ ಆಳಿಗೆ ಹೇಳಿದ್ದು, “ಎಡ ವಿಂಗಲ್ಲಿ ಮುಂದೆ ಏನಿದೆಯೋ ಅದನ್ನ ನಡುವೆ ಇಡು,” ಎಂದಷ್ಟೇ.

ಬೆಳಕು ಬಂತು. ಬಡ ಮೀನುಗಾರರ ಹೋಟೆಲಿನ ನಟ್ಟನಡುವೆ ಹಸಿರು ಕುರ್ಚಿ ಮದುಮಗಳಂತೆ ಕೂತಿತ್ತು.

ಮುಗಿಯಿತು, ಎಂದುಕೊಂಡ ಆರ್ವಿಲ್, ಕುರ್ಚಿ ಬರೀ ಕೋಣೆಗಲ್ಲ, ನೇರ ಕ್ವಿಲ್ಲನ ಕಣ್ಣಿಗೇ ಬಂದು ಬಿತ್ತು.

ಜೆರಾಲ್ಡಿನ್ ಬಾಗಿಲಲ್ಲಿ ನಿಂತು ಕುರ್ಚಿ ನೋಡಿದಳು. ಆಕೆಗೆ ಎಪ್ಪತ್ತು ದಾಟಿತ್ತು. ಇದೇ ನಾಟಕ ಮೊದಲು ಮೆರೆದಾಗ ಹಿಂದಿನ ಸಾಲಿನಲ್ಲಿ ಟ್ರೇ ಹಿಡಿದು ನಿಂತಿದ್ದ ಹುಡುಗಿ ಆಕೆ. ನೆಟ್ಟಗೆ ಬಂದು, ತೋಳಿನ ಮೇಲೆ ಕೈಯಾಡಿಸಿ, ನಿಧಾನವಾಗಿ ಕೂತಳು. ಗಂಡ ಕೂರುತ್ತಿದ್ದ ಕುರ್ಚಿಯಲ್ಲಿ ಅವನು ಹೋದ ಮೇಲೆ ಮೊದಲ ಸಲ ಕೂರುವ ಹೆಂಗಸಿನ ಹಾಗಿತ್ತು ಅದು. ಕೂತವಳೇ, ಆರ್ವಿಲನ ಸಾಲಿಗೆ ಕಾಯದೆ, ಮಾತಾಡುವಷ್ಟು ಮೆಲ್ಲಗೆ ಹಾಡತೊಡಗಿದಳು. ವಾದ್ಯಮೇಳ ಒಂದು ಗಳಿಗೆ ತಡವರಿಸಿ ಆಕೆಯ ಹಿಂದೆ ಓಡಿಬಂತು.

ಆರ್ವಿಲ್ ತನ್ನ ನಾಲ್ಕು ಸಾಲನ್ನು ಗಂಟಲಲ್ಲೇ ಇಟ್ಟುಕೊಂಡು ನಿಂತ. ಆದರೆ ಎಂಥ ಹಾಡು ಅದು! ದಿನವೂ ಕೇಳಿದ ಹಾಡೇ. ಅಂದು ಮಾತ್ರ ಅವನಿಗೆ ತಾನು ನಟನೆನ್ನುವುದು ಮರೆತುಹೋಯಿತು. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಹಾಡು ಮುಗಿದಾಗ ಆರ್ವಿಲನ ಕೆನ್ನೆಯ ಬಣ್ಣ ಕಣ್ಣೀರಲ್ಲಿ ಇಳಿದು ಕಾಲರಿಗೆ ಬಂದಿತ್ತು.

ಆಟ ಮುಗಿದ ಮೇಲೆ ಕ್ವಿಲ್ ಎಲ್ಲರನ್ನೂ ರಂಗಕ್ಕೆ ಕರೆಸಿದ. ಡೋನಟ್ ಡಬ್ಬ ಮೇಜಿನ ಮೇಲಿತ್ತು. ಯಾರೂ ಅದರ ಹತ್ತಿರ ಸುಳಿಯಲಿಲ್ಲ.

“ಮುಚ್ಚೋದು ಅಂತ ತೀರ್ಮಾನ ಮಾಡ್ಕೊಂಡೇ ಬಂದಿದ್ದೆ,” ಎಂದ ಕ್ವಿಲ್. “ಸುಮ್ನೆ ಯಾಕೆ ಸುಳ್ಳು ಹೇಳ್ಲಿ? ಡೋನಟ್ ಕೂಡ ಅದಕ್ಕೇ ತಂದದ್ದು.” ಪಿಂಕಸ್ ಹೆಮ್ಮೆಯಿಂದ ಸುತ್ತಲೂ ನೋಡಿದ. “ಆದ್ರೆ ಮೇಡಂ ಆ ಕುರ್ಚೀಲಿ ಕೂತು ಹಾಡಿದ್ರಲ್ಲ... ಪಕ್ಕದಲ್ಲಿ ಕೂತ ಅಪರಿಚಿತ ಮನುಷ್ಯ ನನ್ನ ಕೈ ಹಿಡ್ಕೊಂಡು ಅತ್ತ. ನಾನೂ ಬಿಡಿಸ್ಕೊಳ್ಲಿಲ್ಲ. ಆಟ ಮುಂದಿನ ಬೇಸಿಗೆವರೆಗೆ ನಡೀತದೆ!”

ರಂಗದ ಮೇಲೆ ಜಾತ್ರೆಯೇ ಎದ್ದಿತು. ಎಮ್ಮೆಟ್ ಆರ್ವಿಲನನ್ನು ಎತ್ತಿಯೇಬಿಟ್ಟ. “ನಮ್ಮ ಬಂಗಾರ ಕಣಯ್ಯಾ ನೀನು! ನಾನು ಮೊದಲಿಂದ ಹೇಳ್ತಿರಲಿಲ್ವಾ?” ರೊಸಾಲ್ಬಾ ಕೆನ್ನೆಗೆ ಮುತ್ತಿಟ್ಟಳು. ಆಮೇಲೆ ನಿರ್ದೇಶಕಿ ಅವನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದಳು.

“ಆರ್ವಿಲ್, ಒಂದು ಸಣ್ಣ ವಿಷಯ. ಮೇಡಂ ಇನ್ನು ಮೆಲ್ಲಗೆ ನಡೆದು ಬರೋದಿಲ್ಲ, ಸೀದಾ ಬಂದು ಕೂತು ಹಾಡ್ತಾರೆ. ಹಾಗಾಗಿ ನಿನ್ನ ನಾಲ್ಕು ಸಾಲು...”

ಆರ್ವಿಲ್ ವಾದಿಸಬಹುದಿತ್ತು. ಆದರೆ ಆ ನಾಲ್ಕು ಸಾಲು ಇಲ್ಲದ್ದರಿಂದಲೇ ದೃಶ್ಯ ಮೇಲೇರಿದ್ದು ಅವನಿಗೂ ಗೊತ್ತಿತ್ತು. ಅದೇ ಹೆಚ್ಚು ನೋವು. ಜೆರಾಲ್ಡಿನ್ ತಾನೇ ಕುಂಟುತ್ತ ಬಂದು ಅವನ ಕೈ ಹಿಡಿದಳು.

“ನಿನ್ನ ಹಾಡು ನುಂಗಿಬಿಟ್ಟೆ ಕಣಪ್ಪಾ. ಮಂಡಿ ಪ್ರಾಣ ತೆಗೀತಿತ್ತು. ಕುರ್ಚಿ ಕಂಡ್ತು, ಕೂತೆ. ಅಷ್ಟೇ.”

“ನೀವು ಕೂತದ್ದೇ ಸರಿ ಮೇಡಂ,” ಎಂದ ಆರ್ವಿಲ್. ಅದು ನಿಜವಾಗಿಯೂ ಅವನ ಮನಸ್ಸಿನ ಮಾತಾಗಿತ್ತು.

ಡೊರೀನ್‌ಗೆ ಫೋನ್ ಮಾಡಿದಾಗ ಅವಳೂ ಹಿಗ್ಗಿದಳು. “ಬಚಾವಾದೆ ನೋಡು! ಇಲ್ದಿದ್ರೆ ಅಣ್ಣನ ಅಂಗಡೀಲಿ ದಿನವಿಡೀ ಸುಮ್ನೆ ನಿಂತ್ಕೋಬೇಕಿತ್ತು.”

“ಇಲ್ಲೂ ಸುಮ್ನೆ ನಿಂತ್ಕೊಳ್ಳೋದೇ ಕೆಲಸ,” ಎಂದ ಆರ್ವಿಲ್.

ಸಂಜೆಯ ಆಟಕ್ಕೆ ಇನ್ನೂ ಹೊತ್ತಿತ್ತು. ಎಮ್ಮೆಟ್ ತನ್ನ ಬಾಗಿಲಿಗೆ ಅದಾಗಲೇ ಒಂದು ಕಂಬಳಿ ಹಾಸಿದ್ದ. ರೊಸಾಲ್ಬಾ ಕಿಟಕಿಗೆ ಹೂವಿನ ಪರದೆ ಅಳೆಯುತ್ತಿದ್ದಳು. ಪಿಂಕಸ್ ಎಲ್ಲಿಂದಲೋ ದಿಂಬು ತಂದು ಅದರ ಮೇಲೆ ಕೂತು ಡೋನಟ್ ತಿನ್ನುತ್ತಿದ್ದ. ಸಂಸಾರ ಹೂಡಿದರೆ ಆಟ ಉಳಿಯುತ್ತದೆ ಎನ್ನುವುದು ಈಗ ಎಲ್ಲರ ಹಿರಿಯರು ಹೇಳಿಟ್ಟುಹೋದ ಮಾತಾಗಿತ್ತು. ಎಲ್ಲರಿಗೂ ಕೂರಲು ಜಾಗವಿತ್ತು. ಆರ್ವಿಲನ ಬೆನ್ನು ಮಾತ್ರ ಬೆಳಗಿನಿಂದ ಕುರ್ಚಿ ಹೊತ್ತು ಹೊತ್ತು ಹರಿದ ಚೀಲದಂತಾಗಿತ್ತು.

ಎಡ ವಿಂಗಿನ ಮರೆಯಲ್ಲಿ ಹಸಿರು ಕುರ್ಚಿ ಖಾಲಿಯಾಗಿ ಕಾದಿತ್ತು. ಹಾಡು ಹೋದರೆ ಹೋಗಲಿ, ಕುರ್ಚಿಯಾದರೂ ಇದೆಯಲ್ಲ ಎಂದು ಆರ್ವಿಲ್ ಕಣ್ಣು ಮುಚ್ಚಿ, ನಿಟ್ಟುಸಿರು ಬಿಟ್ಟು, ಮೆಲ್ಲಗೆ ಬಗ್ಗಿದ.

“ಏಳಿ!”

ಬ್ರೂಡರ್.

“ಅದು ರಂಗದ ಸಾಮಾನು. ನಟರು ಆಟದ ಹೊರಗೆ ಕೂರೋ ಹಾಗಿಲ್ಲ.”

“ಅಯ್ಯೋ, ನನ್ನ ಕುರ್ಚಿ ಕಣಯ್ಯಾ ಅದು!”

“ಬೆಳಿಗ್ಗೆ ನಿಮ್ಮದಿತ್ತು,” ಎಂದ ಬ್ರೂಡರ್, ಕುರ್ಚಿಯ ಮೇಲೆ ಬಟ್ಟೆ ಹೊದಿಸುತ್ತ. “ಈಗ ಅದಕ್ಕೆ ಮುಂದಿನ ಬೇಸಿಗೆವರೆಗೆ ಕೆಲಸ ಇದೆ.”

ಆರ್ವಿಲ್ ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾದ. ಆಮೇಲೆ ಹಳೇ ಪೀಪಾಯಿಯ ಪಕ್ಕ ಹೋಗಿ ನಿಂತುಕೊಂಡ. ಅದಕ್ಕೂ ಈಗ ಕೆಲಸವಿರಲಿಲ್ಲ.