ಕಣ್ಣಿಗೆ ಹೊಟ್ಟು ಬಿದ್ದ ದಿನದ ಕಾಲನಿರ್ಣಯ

ಕಾಲನಿರ್ಣಯದಲ್ಲಿ ನನ್ನಷ್ಟು ಎಚ್ಚರದ ಮನುಷ್ಯ ಹಳಿಯಾಳ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಶಾಸನ ಸಂಶೋಧನೆಯಿಂದ ನಿವೃತ್ತನಾದ ಮೇಲೂ, ಎರಡು ಸ್ವತಂತ್ರ ಆಧಾರಗಳಿಲ್ಲದೆ ಮೊಮ್ಮಗಳ ಹುಟ್ಟಿದ ದಿನವನ್ನೂ ನಾನು ಒಪ್ಪಿದವನಲ್ಲ.

ಮಹಾಯುದ್ಧ ನಡೆಯುತ್ತಿದ್ದ ಕಾಲ. ಎಡಗಣ್ಣಿಗೆ ಆಗಲೇ ಪೊರೆ ಬಂದಿತ್ತು. ಓದು ಬರಹವೆಲ್ಲ ಬಲಗಣ್ಣೊಂದನ್ನೇ ನಂಬಿತ್ತು. ನೆರೆಯ ರೈತ ಬಸ್ತ್ಯಾಂವ ಕಣದಲ್ಲಿ ಭತ್ತ ತೂರುತ್ತಿದ್ದಾಗ, ಗಾಳಿಯ ದಿಕ್ಕನ್ನು ಕುರಿತು ಅವನಿಗೆ ಉಪದೇಶಿಸಲು ಹೊಟ್ಟು ಹಾರುವ ಕಡೆಗೇ ಹೋಗಿ ನಿಂತೆ. ಬಿತ್ತು ಬಲಗಣ್ಣಿಗೆ!

“ರಾಯರ, ತಿಕ್ಕಬ್ಯಾಡ್ರಿ! ನೀರಿಲೆ ತೊಳೀರಿ. ಗಾಡಿ ಕಟ್ತೇನಿ, ದವಾಖಾನಿಗೆ ಹೋಗೂಣು.”

ನಾನು ತಿಕ್ಕಿದೆ. ಶ್ರದ್ಧೆಯಿಂದ ತಿಕ್ಕಿದೆ.

ಎರಡು ದಿನಗಳಲ್ಲಿ ಕಣ್ಣು ಕೆಂಪಾಗಿ ನೀರಿಳಿಯತೊಡಗಿತು. ಧಾರವಾಡದ ಕಣ್ಣಿನ ಡಾಕ್ಟರಲ್ಲಿಗೆ ಹೋಗಲು ಹೆಂಡತಿ ಅಂಬಕ್ಕ ಹಟ ಹಿಡಿದಳು. ಒಪ್ಪಿದೆ. ಆದರೆ ಡಾಕ್ಟರು ಮೊದಲು ಕೇಳುವುದೇ “ಎಂದಿನಿಂದ?” ಎಂದು. ಆಗ ತಪ್ಪು ದಿನ ಹೇಳಿದರೆ ವಿದ್ವತ್ತಿನ ಮಾನವೇನು?

“ಸೋಮವಾರ ರೀ. ಅವತ್ತ ನನ್ನ ಒಪ್ಪತ್ತಿತ್ತು,” ಎಂದಳು ಅಂಬಕ್ಕ.

“ಮಂಗಳವಾರ ಇರಬೇಕ್ರಿ,” ಎಂದ ಬಸ್ತ್ಯಾಂವ.

ಆಧಾರಗಳಲ್ಲಿ ವಿರೋಧ! ನನ್ನ ದಿನಚರಿಯಲ್ಲಿ ಸೋಮವಾರವೆಂದೇ ಬರೆದಿತ್ತು, ನಿಜ. ಆದರೆ ಸ್ವಂತ ಬರಹವನ್ನು ಸಾಕ್ಷ್ಯವೆಂದು ಸ್ವೀಕರಿಸುವುದು ಸಂಶೋಧನೆಯ ಶಿಸ್ತಿಗೆ ವಿರುದ್ಧ. ಬಲಗಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕಣದ ಆಳುಗಳನ್ನು ಹುಡುಕುತ್ತ ಎರಡು ಹಳ್ಳಿ ಸುತ್ತಿದೆ. ಆ ಸ್ಥಿತಿಯಲ್ಲಿ ಒಂದು ಎಮ್ಮೆಯನ್ನೂ ವಿಚಾರಿಸಿದೆ. ಉಳಿದವರ ಹೇಳಿಕೆಗಳಿಗಿಂತ ಅದರ ಮೌನವೇ ಹೆಚ್ಚು ಪ್ರಾಮಾಣಿಕವಾಗಿತ್ತು.

“ಕಣ್ಣು ಕೆಂಡ ಆಗೇತಿ, ಬೆಳಕ ಕಂಡ್ರ ಮುಖ ಮುಚ್ಕೋತೀರಿ!” ಅಂಬಕ್ಕ ಸಿಡಿದಳು. “ಆ ವಾರ ಸಿಕ್ಕ ಮ್ಯಾಲ ಅದನ್ನ ಯಾವ ಕಣ್ಣಿಲೆ ಓದ್ತೀರಿ?”

ಹತ್ತನೆಯ ದಿನ ಬಸ್ತ್ಯಾಂವನೇ ಓಡಿಬಂದ. “ಸೋಮವಾರನ ಖರೇ ರೀ! ಅಕ್ಕಾರು ಒಪ್ಪತ್ತದಾರಂತ ಅವತ್ತ ಕಣದಾಗ ತಾವು ತಿನ್ನದ ಅವಲಕ್ಕಿ ನನಗೊಬ್ಬಗ ಕೊಟ್ಟಿದ್ರು. ಈಗರ ಗಾಡಿ ಹತ್ರಿ, ಮಾರಾಯ್ರ!”

ಹತ್ತಿದೆ.

“ಎಂದಿನಿಂದ?” ಎಂದರು ಡಾಕ್ಟರು. ಕೇಳಿಯೇ ಬಿಟ್ಟರು!

“ಹೋದ ವಾರದ ಸೋಮವಾರ ರೀ. ಎರಡು ಆಧಾರ ಅದಾವ.”

“ಖಾತ್ರಿ ಐತೇನ್ರಿ?”

“ನಿಸ್ಸಂದೇಹವಾಗಿ!”

“ಹಂಗಾರ ಸೋಮವಾರನ ಯಾಕ ಬರಲಿಲ್ಲ?”

ನಾನು ಆಧಾರಗಳ ಟಿಪ್ಪಣಿಯನ್ನು ಮಡಿಚಿ ಜೇಬಿಗಿಟ್ಟೆ.

“ಕಣ್ಣಾಗ ಏನರ ಬಿದ್ದು ಕೆಂಪಾತು, ನೋವಾತು, ಬೆಳಕ ಚುಚ್ತು, ಮಂಜಾತು ಅಂದ್ರ ಅವತ್ತ ಬರಬೇಕ್ರಿ. ಈಗ ಕರಿಗುಡ್ಡಿ ಮ್ಯಾಲ ಹುಣ್ಣಾಗೇತಿ.”

ಔಷಧಿಯಿಂದ ಹುಣ್ಣು ಮಾಯಿತು. ಬಿಳಿ ಕಲೆ ಉಳಿಯಿತು. ಅದರಾಚೆ ಮನುಷ್ಯರು ಕಾಣುತ್ತಾರೆ, ಅಕ್ಷರಗಳು ಕಾಣುವುದಿಲ್ಲ. ಈ ಬರಹವನ್ನೂ ನಾನು ಹೇಳುತ್ತಿದ್ದೇನೆ, ಅಂಬಕ್ಕ ಬರೆದುಕೊಳ್ಳುತ್ತಿದ್ದಾಳೆ. ನಾನು ‘ಸೋಮವಾರ’ ಎಂದಾಗಲೆಲ್ಲ ಲೇಖನಿ ಒಂದು ಗೆರೆ ಹೆಚ್ಚಿಗೆ ಎಳೆದ ಸದ್ದು ಕೇಳಿಸುತ್ತದೆ. ಅಡಿಗೆರೆ ಹಾಕುತ್ತಿರಬೇಕು. ಪರಿಶೀಲಿಸೋಣವೆಂದರೆ, ಕಾಣಿಸುವುದಿಲ್ಲ!