ಮೈದುನನ ಮುಚ್ಚಿಟ್ಟ ಕಾಲಂಗಳು

ನನ್ನ ಮೈದುನನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಅದಕ್ಕೇ ಅವನು ಎಲ್ಲವನ್ನೂ ಕಂಪ್ಯೂಟರಿನ ಹೊಟ್ಟೆಗೆ ಹಾಕಿ ಬಾಯಿ ಹೊಲಿಯುತ್ತಾನೆ! ಮಾರೇನಹಳ್ಳಿಯಲ್ಲಿ ಮಹಡಿಯ ಮೇಲಿನ ಕಂಪ್ಯೂಟರ್ ಕ್ಲಾಸೊಂದರಲ್ಲಿ ಪಾಠ ಹೇಳುವವನು. ವಿಜಯನಗರದ ನಮ್ಮ ಮನೆಯ ಯಾವ ಸಂಗತಿಯಾದರೂ ಅವನಿಗೆ ಟೇಬಲ್ಲೇ ಆಗಬೇಕು, ಅದೂ ಕೈಯಾರೆ ಕೋಡು ಬರೆದು. ನೋಡುವವರು ಯಾರೋ ಅವರಿಗೆ ತಕ್ಕಂತೆ ಕೆಲವು ಕಾಲಂ ಕಾಣುತ್ತವೆ, ಕೆಲವು ಮಾಯ.

ನಮ್ಮ ಅಡುಗೆಗೂ ಒಂದು ಟೇಬಲ್ ಮಾಡಿದ್ದ: ವಾರ, ತಿಂಡಿ, ಸಾರು. ನಾನೂ ಮೆಚ್ಚಿದೆ. ಒಂದು ದಿನ ತಾನು ನೋಡುತ್ತಿದ್ದುದನ್ನು ಹಾಗೆಯೇ ಬಿಟ್ಟು ಸ್ನಾನಕ್ಕೆ ಹೋದ. ಪರದೆಯ ಮೇಲೆ ನಾಲ್ಕನೆಯ ಕಾಲಂ! ‘ನಿಜವಾದ ರುಚಿ’. ಗುರುವಾರದ ನನ್ನ ಹಾಗಲಕಾಯಿ ಗೊಜ್ಜಿನ ಮುಂದೆ ‘ಕ್ಷಮಿಸಬಹುದು’ ಎಂದಿತ್ತು. ಆ ಗುರುವಾರ ಎರಡು ಸೌಟು ಹೆಚ್ಚಿಗೇ ಬಡಿಸಿದೆ. ಇಂಥದ್ದನ್ನೆಲ್ಲ ಅಳಿಸಬಾರದೇ ಎಂದು ಕೇಳಿದರೆ ಬಂದ ಉತ್ತರ ಇದು:

“ಅಳಿಸಿದ್ರೆ ಸುಳ್ಳಾಗುತ್ತೆ ಅತ್ತಿಗೆ. ಮುಚ್ಚಿಟ್ರೆ ಸುಳ್ಳಲ್ಲ.”

ಎಂಥ ವೇದಾಂತ! ನೆತ್ತಿ ಖಾಲಿಯಾದದ್ದನ್ನೂ ಅವನು ಹಾಗೆಯೇ, ಪಕ್ಕದ ನಾಲ್ಕು ಕೂದಲು ಎಳೆದು ಮುಚ್ಚಿಡುತ್ತಿದ್ದ.

ಮೂವತ್ತೊಂಬತ್ತಾದರೂ ಮದುವೆಯಿಲ್ಲ. ಆರು ಕಡೆ ಬೇಡವೆಂದಿದ್ದರು. ಏಳನೆಯವಳು ರಾಜಾಜಿನಗರದ ಹೈಸ್ಕೂಲ್ ಟೀಚರ್. ಇದೂ ತಪ್ಪಿದರೆ ಇನ್ನು ಹೆಣ್ಣು ನೋಡುವುದೇ ಇಲ್ಲ ಎಂದು ಹೇಳಿಯೇ ನನ್ನ ಜೊತೆ ಆಟೋ ಹತ್ತಿದ್ದ. ಜಾತಕ ಒಯ್ಯುವವರನ್ನು ಕಂಡಿದ್ದೇನೆ. ಇವನು ಸಿಡಿ ಒಯ್ದ!

ಹುಡುಗಿಯ ಮನೆಯಲ್ಲಿ ಉಪ್ಪಿಟ್ಟು ಅರ್ಧವಾಗಿತ್ತು, ಅಷ್ಟರಲ್ಲೇ ಅವರ ಕಂಪ್ಯೂಟರಿನ ಹೂವಿನ ಹೊದಿಕೆ ತೆಗೆಸಿ ತನ್ನ ಪರಿಚಯದ ಟೇಬಲ್ ತೆರೆದ. ವಿದ್ಯೆ, ಉದ್ಯೋಗ, ಎತ್ತರ, ಇಷ್ಟೇ ಕಾಣಬೇಕಿತ್ತು. ಆದರೆ ಅವರ ಹಳೆಯ ಯಂತ್ರದಲ್ಲಿ ಮುಚ್ಚುವ ಕೋಡು ಓಡಲೇ ಇಲ್ಲ. ಹದಿನಾಲ್ಕು ಕಾಲಮ್ಮೂ ಸಾಲಾಗಿ ನಿಂತವು! ಗೊರಕೆ: ಉಂಟು. ಕೂದಲು: ದಿನೇ ದಿನೇ ಕಡಿಮೆ. ಜಿರಲೆ: ಭಯ. ಮೈದುನ ಮೌಸು ಅಲ್ಲಾಡಿಸಿದ, ಕುಟ್ಟಿದ, ಕೊನೆಗೆ ಮಾನಿಟರಿಗೆ ಬೆನ್ನನ್ನೇ ಅಡ್ಡ ಕೊಟ್ಟ. ಹುಡುಗಿಯ ತಂದೆ ಕನ್ನಡಕ ಹುಡುಕತೊಡಗಿದರು.

“ಸ್ವಲ್ಪ ಈ ಕಡೆ ಬನ್ನಿ, ಕಾಣ್ತಾ ಇಲ್ಲ,” ಎಂದಳು ಹುಡುಗಿ. ಪಾಠ ಮಾಡುವ ಗಟ್ಟಿ ದನಿಯಲ್ಲೇ ಒಂದೊಂದಾಗಿ ಓದಿದಳು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗು ತಡೆದೆ. ಕೊನೆಯ ಕಾಲಂ ‘ಷರತ್ತು’.

“ಬೇರೆ ಮನೆ ಮಾಡಿದರೂ ವಿಜಯನಗರ ಬಿಡುವುದಿಲ್ಲ. ಅಮ್ಮ ಹೋದ ಮೇಲೆ, ನಾನು ಬರುವವರೆಗೆ ಉಣ್ಣದೆ ಕಾಯುವವರು ಅತ್ತಿಗೆ ಒಬ್ಬರೇ.”

ಬಾಯಿಂದ ಸೆರಗು ತೆಗೆದೆ. ಇಷ್ಟು ವರ್ಷ ಬಂದವರೆದುರೆಲ್ಲ ಅವನನ್ನು ಆಡಿಕೊಂಡವಳು ನಾನು. ತಟ್ಟೆಯಲ್ಲಿ ಕರಿಬೇವು ಹುಡುಕುತ್ತ ಕುಳಿತೆ.

ಮೈದುನ ಸಿಡಿ ತೆಗೆಯಲು ಬಗ್ಗಿದ. ನಾಲ್ಕು ಕೂದಲೂ ಜಾರಿ ಕಿವಿಯ ಮೇಲೆ ಬಿದ್ದವು. ಏಳನೆಯದೂ ಹೋಯಿತು ಎಂದುಕೊಂಡೆ.

“ಇರಲಿ ಬಿಡಿ,” ಎಂದಳು ಅವಳು. “ನಂಗೂ ಜಿರಲೆ ಅಂದ್ರೆ ಭಯ. ಮನೆ ಅತ್ತಿಗೆ ಹತ್ತಿರಾನೇ ಇರ್ಲಿ.”