ಮಾಳಿಗೆ ಮೇಲಿನ ಭಾನುವಾರಗಳು

ಟಿವಿ ರಿಪೇರಿಯವನಿಗೆ ನಗೆಗೇನೂ ಬರವಿಲ್ಲ. ಮಾಳಿಗೆ ಹತ್ತಿದಾಗಲೆಲ್ಲ ಒಂದಲ್ಲ ಒಂದು ಆಗಿಯೇ ಆಗುತ್ತಿತ್ತು. ಎಂಬತ್ತರ ದಶಕದ ಕೂಡ್ಲಿಗಿಯಲ್ಲಿ ಎಲ್ಲರ ಆಂಟೆನಾ ಕೆಡುತ್ತಿದ್ದದ್ದು ಭಾನುವಾರ ಸಂಜೆ ಸಿನಿಮಾದ ಹೊತ್ತಿಗೇ. ನಾನು ಯಾರದೋ ಮಾಳಿಗೆ ಮೇಲೆ, ನನ್ನ ಹೆಂಡತಿ ಮನೆಯಲ್ಲಿ ಒಬ್ಬಳೇ. "ಒಂದು ಭಾನುವಾರನಾರ ಮನ್ಯಾಗ ಇರ್ರಿ" ಅನ್ನುತ್ತಿದ್ದಳು. ಈಗ ಎಲ್ಲ ಭಾನುವಾರವೂ ಬಿಡುವು, ಆಕೆ ಇಲ್ಲ. ಆಕೆಯ ನೆನಪು ಬಂದರೆ ಈ ಮಾಳಿಗೆ ಪ್ರಸಂಗಗಳೂ ಬೆನ್ನಿಗೇ ಬರುತ್ತವೆ.

ಬಂತು, ಹೋತು

ಮೊದಮೊದಲು ಕೆಳಗಿನವರು ಕೂಗುತ್ತಿದ್ದರು. ಚಿತ್ರ ಮೂಡಿದರೆ "ಬಂತು", ಮಸುಕಾದರೆ "ಹೋತು". ಒಂದು ಸಂಜೆ ಪಕ್ಕದ ಮಾಳಿಗೆಯಲ್ಲಿ ಆ ಮನೆಯ ಯಜಮಾನರೂ ಆಂಟೆನಾ ತಿರುಗಿಸುತ್ತಿದ್ದರು. ನನ್ನ ಕೆಳಗಿನವರು "ಬಂತು" ಅಂದರೆ ಅವರು ನಿಲ್ಲಿಸುವುದು, ಅವರ ಮನೆಯವರು "ಹೋತು" ಅಂದರೆ ನಾನು ತಿರುಗಿಸುವುದು. ಎರಡೂ ಮನೆಗೆ ಚಿತ್ರವಿಲ್ಲ. ಸೋತು ಇಳಿಯಹೊರಟರೆ ಬೀದಿಯಲ್ಲಿ ನೆರೆದ ಜನ ಅಂದರು, "ಯಾಕ್ರಿ ಇಳಿತೀರಿ? ಸಿನಿಮಾಕ್ಕಿಂತ ಇದಾ ಚಲೋ ಐತಿ."

ಬ್ಯಾಟರಿ ಬೆಳಕು

ಅಂದಿನಿಂದ ಕೂಗು ಬಂದ್. ಅಂಗಳದಲ್ಲಿ ಒಬ್ಬರ ಕೈಗೆ ಬ್ಯಾಟರಿ ಕೊಡುತ್ತಿದ್ದೆ. ಒಮ್ಮೆ ಬೆಳಕು ಬಿಟ್ಟರೆ ಇನ್ನೂ ತಿರುಗಿಸು. ಎರಡು ಸಲ ಬಿಟ್ಟರೆ ಚಿತ್ರ ಬಂತು, ಇಳಿ.

ಕೊಟ್ಟೂರಿನ ಒಂದು ಮನೆಯಲ್ಲಿ ಬೆಳಕು ನಿಂತೇ ಹೋಯಿತು. ಆಂಟೆನಾ ಹಿಡಿದು ಕಾದೇ ಕಾದೆ. ಚಿತ್ರ ಬಂದ ಖುಷಿಗೆ ಬ್ಯಾಟರಿ ಹಿಡಿದಿದ್ದ ಅಜ್ಜ ಒಳಗೆ ಹೋಗಿ ಕೂತುಬಿಟ್ಟಿದ್ದ. ನಾನಾಗೇ ಇಳಿದು ಬಾಗಿಲಲ್ಲಿ ನಿಂತಾಗ ಮರುಕಪಟ್ಟ: "ತಡ ಮಾಡಿ ಬಂದೆಲ್ಲಪಾ, ಸಿನಿಮಾ ಮುಗೀತು."

ನಮ್ಮ ಮಾಳಿಗೆ

ಕಡೆಗೆ ನಮ್ಮ ಮನೆಗೂ ಒಂದು ಹಳೇ ಟಿವಿ ತಂದೆ. ಭಾನುವಾರ ಮಾಳಿಗೆ ಹತ್ತಿದೆ. ಹೆಂಡತಿ ಅಂಗಳದಲ್ಲಿ ಬ್ಯಾಟರಿ ಹಿಡಿದು ಕೂತಳು. ಒಮ್ಮೆ ಬೆಳಕು. ತಿರುಗಿಸಿದೆ. ಮತ್ತೆ ಒಮ್ಮೆ. ನಾಲ್ಕೂ ದಿಕ್ಕು ಮುಗಿದವು. ನಡುನಡುವೆ ಆಕೆ ತವರಿನ ಸುದ್ದಿ ಹೇಳುವುದು, ನಾನು ಮೇಲಿನಿಂದ ಹೂಂಗುಟ್ಟುವುದು. ನನ್ನನ್ನು ಕರೆಯಲು ಬಂದವರಿಗೆಲ್ಲ "ನಮ್ಮನಿದಾ ಇನ್ನ ಬಂದಿಲ್ರಿ" ಅಂದು ವಾಪಸ್ ಕಳಿಸಿದಳು. ಊರಿಗೆಲ್ಲ ಚಿತ್ರ ತಂದವನ ಮನೆಗೇ ಬರುವುದಿಲ್ಲವಲ್ಲ ಅಂತ ಸಿಟ್ಟು ಬಂದು ಇಳಿದು ಒಳಗೆ ಹೋದೆ. ಟಿವಿಗೆ ಹೊದಿಸಿದ್ದ ಕಸೂತಿ ಬಟ್ಟೆ ಹಾಗೇ ಇತ್ತು.

"ಟಿವಿ ಹಚ್ಚೇ ಇಲ್ಲಲ್ಲ ನೀನು!"

"ಹಚ್ಚಿದ್ರ ಚಿತ್ರ ಬರ್ತಿತ್ತು" ಅಂದಳು. "ಚಿತ್ರ ಬಂದ್ರ ನೀವು ಇಳದು ಮತ್ತೊಬ್ರ ಮಾಳಿಗಿ ಹತ್ತತಿದ್ರಿ. ಇವತ್ತೊಂದಿನಾರ ನಮ್ಮ ಮಾಳಿಗಿ ಮ್ಯಾಲೆ ಇರ್ಲಿ ಅಂತ ತಿರುಗ್ಸಾಕ ಹಚ್ಚಿದೆ."